ಎದುರು ಕೂತು ಕಲಿಸಿದವರು

ಒಬ್ಬರು ಮುಗಿಸಿದ ಕೆಲಸದ ಮೇಲೆ ಇನ್ನೊಬ್ಬರು ಉಳಿ ಇಡಬಾರದು. ಅಪ್ಪಯ್ಯನಿಂದ ನಾನು ಕಲಿತ ಪಾಠಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಅವರು ಅದನ್ನು ಹೀಗೆ ಒಂದು ವಾಕ್ಯ ಮಾಡಿ ಹೇಳಿದ್ದು ಕಡಿಮೆ. ನಡೆದುಕೊಂಡ ರೀತಿಯಿಂದಲೇ ನಮಗೆ ಅದು ಗೊತ್ತಾಗಿತ್ತು.

ನಮ್ಮ ಜಗಲಿಯ ಗೋಡೆಯಲ್ಲಿ ಅಜ್ಜ ಕೆತ್ತಿದ ಒಂದು ಹಲಗೆ ಇತ್ತು. ಮಾವಿನ ಕೊಂಬೆ, ಅದರ ಮೇಲೆ ಒಂದು ಗಿಳಿ. ಕೊಂಬೆ ಚೆನ್ನಾಗಿತ್ತು, ಗಿಳಿಯ ಕೊಕ್ಕು ಮಾತ್ರ ಎಲ್ಲೋ ತಪ್ಪಿ ನೇರವಾಗಿ ಚಾಚಿಕೊಂಡಿತ್ತು. ಜೋಗದ ಕಡೆಯಿಂದ ಬಂದ ಸಾಹೇಬರೊಬ್ಬರಿಗೆ ಆ ಹಲಗೆ ಹಿಡಿಸಿತು.

"ಈ ಗಿಳಿ ಮೂಗು ಸ್ವಲ್ಪ ಸರಿ ಮಾಡಿ ಕೊಡ್ತೀರಾ? ಕಾಗೆ ತರ ಕಾಣ್ತದೆ."

"ಕಾಗೆ ತರಾನೇ ಕಾಣ್ತದೆ ಸ್ವಾಮಿ," ಎಂದರು ಅಪ್ಪಯ್ಯ. "ಆದ್ರೆ ಅದು ನಮ್ಮಪ್ಪನ ಗಿಳಿ. ನಾ ಮುಟ್ಟಂಗಿಲ್ಲ."

"ಹಂಗಾದ್ರೆ ನಿಮ್ಮಪ್ಪನ್ನೇ ಕೇಳೋಣ. ಎಲ್ಲಿದ್ದಾರೆ?"

"ಅವ್ರು ಹೋಗಿ ಬಾಳ ವರ್ಷ ಆಯ್ತು. ಕೇಳ್ಬೇಕಂದ್ರೆ ನೀವೇ ಅಲ್ಲಿಗೆ ಹೋಗ್ಬೇಕು."

ಸಾಹೇಬರು ಮೊದಲು ಗಾಬರಿಯಾಗಿ, ಆಮೇಲೆ ನಕ್ಕು, ಗಂಧದ ಒಂದು ಆನೆ ಕೊಂಡುಕೊಂಡು ಹೋದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಅಪ್ಪಯ್ಯನ ಮೇಲೆ ಹೆಮ್ಮೆ ಎನಿಸಿತ್ತು. ಆಗ ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಸಾಗರದ ರಸ್ತೆಯಲ್ಲಿ ದಿನವೂ ಸಿಮೆಂಟಿನ ಲಾರಿಗಳು.

ನಮ್ಮದು ಗುಡಿಗಾರರ ಮನೆ. ಸಾಗರ ಪೇಟೆಗೆ ಹತ್ತಿರದ ಓಣಿಯಲ್ಲಿ ಅಂಥ ಮನೆಗಳು ಕೆಲವು ಸಾಲಾಗಿದ್ದವು. ಗಂಡಸರು ಜಗಲಿಯಲ್ಲಿ ಕೂತು ಗಂಧ ಕೆತ್ತುತ್ತಿದ್ದರು. ಹೆಂಗಸರು ಒಳಗೆ ಕೂತು ಬೆಂಡಿನಲ್ಲಿ ಮದುವೆಯ ಬಾಸಿಂಗ ಕಟ್ಟುತ್ತಿದ್ದರು. ಬೆಂಡು ಎಂದರೆ ನೀರಿನಲ್ಲಿ ಬೆಳೆಯುವ ಗಿಡದ ತಿರುಳು. ಹತ್ತಿಯಷ್ಟು ಹಗುರ. ಅದನ್ನು ಚೂರಿಯಲ್ಲಿ ಕಾಗದದಷ್ಟು ತೆಳ್ಳಗೆ ಸುಲಿದು, ಸುರುಳಿ ಸುತ್ತಿ ಹೂವು ಮಾಡಬೇಕು. ನಾನು ಎಡಗೈಯವಳು. ನನ್ನ ಚೂರಿಯಿಂದ ಬಂದ ಎಳೆ ಬೇರೆ ಕಡೆಗೆ ಸುರುಳಿಯಾಗುತ್ತಿತ್ತು. ಅಮ್ಮ ಮಾಡಿದ ಹೂವಿನ ಪಕ್ಕದಲ್ಲಿ ನನ್ನದು ಮುಖ ತಿರುಗಿಸಿಕೊಂಡು ಕೂತ ಹಾಗೆ ಕಾಣುತ್ತಿತ್ತು.

"ಮದುಮಗನ ಹಣೆ ಮೇಲೆ ಇದನ್ನ ಕಟ್ಟಿದ್ರೆ, ಮದುಮಗಳು ಎದ್ದು ಓಡಿ ಹೋಗ್ತಾಳೆ," ಎಂದು ಅಮ್ಮ ನನ್ನ ಹೂಗಳನ್ನು ಬೇರೆ ಬುಟ್ಟಿಗೆ ಹಾಕುತ್ತಿದ್ದರು. ಕೊನೆಗೆ ಒಂದು ದಿನ ಬೇಸರ ಬಂದು, "ಹೋಗು ಮಾರಾಯ್ತಿ, ನಿನ್ನ ಅಪ್ಪಯ್ಯನ ಹತ್ರ ಕೂತ್ಕೊ," ಎಂದು ಕಳಿಸಿದರು.

ಹಾಗೆ ನಾನು ಜಗಲಿಗೆ ಬಂದೆ. ಮೊದಮೊದಲು ಹೊಟ್ಟು ಗುಡಿಸುವುದು, ಸಾಣೆಕಲ್ಲಿಗೆ ನೀರು ಹಾಕುವುದು, ಮುಗಿದ ಸಾಮಾನನ್ನು ಒರಟಾದ ಕಾಡೆಲೆಯಿಂದ ತಿಕ್ಕಿ ನಯ ಮಾಡುವುದು ನನ್ನ ಕೆಲಸ. ಒಂದು ದಿನ ಬಿಸಾಡಿದ್ದ ಚೂರಿನ ಮೇಲೆ ನಾನು ಒಂದು ಎಲೆ ಕೆತ್ತಿದ್ದನ್ನು ಅಪ್ಪಯ್ಯ ನೋಡಿದರು. ಎತ್ತಿಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆರಳನ್ನು ಎಲೆಯ ನರಗಳ ಮೇಲೆ ಎಳೆದರು.

"ಎಡಗೈಯಲ್ಲಾ?"

ನಾನು ಹೌದೆಂದೆ.

"ಮರಕ್ಕೆ ಅದೆಲ್ಲ ಗೊತ್ತಾಗಲ್ಲ," ಎಂದರು. ಆದರೆ ಅಲ್ಲೇ ಒಂದು ಕಟ್ಟುಪಾಡನ್ನೂ ಹಾಕಿದರು. ದೇವರ ಮೂರ್ತಿಗೆ ಎಡಗೈ ತಾಗಬಾರದು. ಬಳ್ಳಿ, ಹೂವು, ಹಕ್ಕಿ, ಪೆಟ್ಟಿಗೆ ಇಷ್ಟು ನನಗೆ. ಅದನ್ನು ನಾನು ಅನ್ಯಾಯವೆಂದು ಅಂದುಕೊಳ್ಳಲಿಲ್ಲ. ಕಾಡಿನಲ್ಲಿರುವ ಎಲೆಗಳೆಲ್ಲ ನನ್ನ ಪಾಲಿಗೆ ಬಂದವಲ್ಲ ಎಂದುಕೊಂಡೆ.

ಕಲಿಸುವಾಗ ಒಂದು ತೊಡಕಿತ್ತು. ಅಣ್ಣ ಬಲಗೈಯವನು. ಅವನು ಅಪ್ಪಯ್ಯನ ಪಕ್ಕದಲ್ಲಿ ಕೂತು, ಅವರ ಕೈ ಹೇಗೆ ಹೋಗುತ್ತದೋ ಹಾಗೆ ತನ್ನ ಕೈಯನ್ನೂ ನಡೆಸುತ್ತಿದ್ದ. ಪಕ್ಕದಲ್ಲಿ ಕೂತರೆ ನನಗೆ ಎಲ್ಲವೂ ತಲೆಕೆಳಗು. ಅಪ್ಪಯ್ಯ ಸ್ವಲ್ಪ ಯೋಚಿಸಿ, ಚಾಪೆಯನ್ನು ತಿರುಗಿಸಿ ಹಾಕಿ, ನನ್ನ ಎದುರಿಗೆ ಬಂದು ಕೂತರು. ಕನ್ನಡಿಯಲ್ಲಿ ಕಂಡ ಹಾಗೆ ಅವರ ಬಲಗೈ ಹೋದ ಕಡೆಗೆ ನನ್ನ ಎಡಗೈ ಹೋಗುತ್ತಿತ್ತು. ಎದುರು ಕೂತು ಕಲಿಸುವ ಪದ್ಧತಿ ನಮ್ಮ ಓಣಿಯಲ್ಲಿ ಇರಲಿಲ್ಲ. ಅಣ್ಣ ಅಪ್ಪಯ್ಯನ ಕೈಯನ್ನಷ್ಟೇ ನೋಡಿ ಕಲಿತ. ನಾನು ತಲೆ ಎತ್ತಿದಾಗೆಲ್ಲ ಅವರ ಮುಖ ಕಾಣುತ್ತಿತ್ತು. ಉಳಿ ಸರಿಯಾಗಿ ಹೋಗುತ್ತಿದ್ದರೆ ಅವರ ಕೆಳತುಟಿ ಸಡಿಲವಾಗಿರುತ್ತಿತ್ತು. ನಾನು ಮರದ ಎಳೆಗೆ ಎದುರಾಗಿ ಉಳಿ ತಳ್ಳಿದರೆ, ಅವರು ಬಾಯಿ ಬಿಡುವ ಮೊದಲೇ ತುಟಿ ಬಿಗಿಯುತ್ತಿತ್ತು. ತುಟಿ ನೋಡಿಯೇ ನಾನು ಕೈ ನಿಲ್ಲಿಸುತ್ತಿದ್ದೆ. ಅಷ್ಟು ವರ್ಷ ಆ ಮುಖವನ್ನು ನೋಡಿದ್ದೇನೆ. ಅದರಲ್ಲಿ ನನಗೆ ಓದಲಾಗದ್ದು ಏನೂ ಇಲ್ಲ ಎಂದು ತಿಳಿದಿದ್ದೆ.

ಇನ್ನೊಂದು ವಾಡಿಕೆ ನಮ್ಮ ಮನೆಯಲ್ಲಿತ್ತು. ಒಂದು ಸಾಮಾನು ಮುಗಿದಾಗ ಅದನ್ನು ಮಾಡಿದವರೇ ಬಾಯಿಬಿಟ್ಟು "ಮುಗೀತು" ಎನ್ನಬೇಕು. ಬೇರೆಯವರು ಹೇಳಬಾರದು. ಎಷ್ಟು ಬೇಕಾದರೂ ತಡ ಮಾಡಬಹುದು, ಆದರೆ ಹೇಳಿದ ಮೇಲೆ ಮುಗಿಯಿತು. ಆಮೇಲೆ ಯಾರ ಉಳಿಯೂ ಅದನ್ನು ಮುಟ್ಟುವಂತಿಲ್ಲ. ಮಾಡಿದವರದ್ದೂ ಸಹ.

ಅಣ್ಣನಿಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಮನಸ್ಸಿರಲಿಲ್ಲ. ಉಳಿ ಹಿಡಿದು ಕೂತವನ ಕಿವಿ ರಸ್ತೆಯ ಕಡೆಗೆ. ಲಾರಿಯ ಸದ್ದು ಕೇಳಿಯೇ ಅದು ಖಾಲಿಯೋ ತುಂಬಿದ್ದೋ ಎಂದು ಹೇಳುತ್ತಿದ್ದ. "ಇಷ್ಟು ಚೂಪು ಕಿವಿ ಇದ್ದೋನು ಕೈಯಲ್ಲಿ ಯಾಕೋ ಬಾಚಿ ಹಿಡಿದಂಗೆ ಹಿಡೀತೀಯ?" ಎಂದು ಅಪ್ಪಯ್ಯ ಕೇಳಿದರೆ, "ಆನೆ ಹೆಂಗೂ ದಪ್ಪ ಅಲ್ವಾ ಅಪ್ಪಯ್ಯ," ಎನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಅಪ್ಪಯ್ಯನೂ ನಗುತ್ತಿದ್ದರು. ಅವನ ಮೇಲೆ ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ.

ಅಪ್ಪಯ್ಯನ ಅಕ್ಕ, ನಮ್ಮ ಅತ್ತೆ, ಹೊಸನಗರದಲ್ಲಿದ್ದರು. ಗಂಡ ಇಲ್ಲದವರು. ವರ್ಷಕ್ಕೆ ಹಲವು ಸಲ ಬಂದು ನಮ್ಮ ಮನೆಯನ್ನು ನೆಟ್ಟಗೆ ಮಾಡಿ ಹೋಗುವುದು ತಮ್ಮ ಹೊಣೆ ಎಂದು ತಿಳಿದವರು. ಜಗಲಿಯಲ್ಲಿ ನನ್ನನ್ನು ಕಂಡಾಗೆಲ್ಲ, "ಏನೇ ಎಡಚೀ, ಗಂಡಸರ ಕೆಲಸ ಎಲ್ಲ ಮುಗೀತಾ? ಇನ್ನು ಮೀಸೆ ಒಂದು ಬಾಕಿ," ಎನ್ನುತ್ತಿದ್ದರು.

"ಅದೂ ಕೆತ್ತಿ ಇಟ್ಕೊಳ್ತಾಳೆ ಬಿಡು," ಎಂದು ಅಪ್ಪಯ್ಯ ನನ್ನ ಪರ ನಿಲ್ಲುತ್ತಿದ್ದರು. ಅವರು ಯಾವಾಗಲೂ ನನ್ನ ಪರವೇ ನಿಂತರು. ಅದನ್ನು ಇಲ್ಲಿ ಹೇಳದೆ ಹೋದರೆ ಮುಂದಿನದ್ದಕ್ಕೆ ಅರ್ಥವಿರುವುದಿಲ್ಲ.

ಊರಿನಲ್ಲಿ ಕೆತ್ತನೆಯ ತರಬೇತಿ ಕೇಂದ್ರ ತೆರೆಯುವ ಸುದ್ದಿ ಬಂತು. ಕೆಲವರನ್ನು ಆರಿಸಿಕೊಂಡು, ಊಟ ವಸತಿ ಕೊಟ್ಟು, ಮೈಸೂರಿಗೂ ಕಳಿಸಿ ಕಲಿಸುತ್ತಾರೆ ಎಂದರು. ಆಸೆಯುಳ್ಳವರು ತಾವೇ ಮಾಡಿದ ಒಂದು ಸಾಮಾನನ್ನು ಕೊಡಬೇಕು. ಹುಡುಗಿಯರೂ ಕೊಡಬಹುದಂತೆ ಎಂದು ಹೇಳಿದವರು ಅಪ್ಪಯ್ಯನೇ. ವಿಚಾರಿಸಿಕೊಂಡು ಬಂದು, ಅಂಗಿ ಬಿಚ್ಚುವ ಮೊದಲೇ ಹೇಳಿದರು.

"ಒಂದು ಪೆಟ್ಟಿಗೆ ಮಾಡು. ನಿನ್ನ ಹೆಸರಲ್ಲೇ ಕೊಡೋಣ."

ಸರ್ಕಾರದ ಡಿಪೋದಿಂದ ನಮಗೆ ಸಿಗುತ್ತಿದ್ದ ಗಂಧವೇ ಸ್ವಲ್ಪ. ಅದರಲ್ಲಿ ಎಣ್ಣೆ ತುಂಬಿದ, ಗಂಟಿಲ್ಲದ ತುಂಡೊಂದನ್ನು ಅಪ್ಪಯ್ಯ ಗಣಪತಿ ಮೂರ್ತಿಗೆಂದು ತೆಗೆದಿರಿಸಿದ್ದರು. ಅದನ್ನು ತಂದು ನನ್ನ ಮುಂದಿಟ್ಟರು. ಅಮ್ಮ ಅಡಿಗೆಮನೆಯಿಂದ ಹೊರಗೆ ಬಂದು ನೋಡಿ ಒಳಗೆ ಹೋದರು.

ಆ ಮಳೆಗಾಲವೆಲ್ಲ ನಾನು ಪೆಟ್ಟಿಗೆಯ ಮುಂದೆ ಕೂತೆ. ಮುಚ್ಚಳದ ಮೇಲೆ ವೀಳ್ಯದೆಲೆಯ ಬಳ್ಳಿ. ಮಲ್ಲಿಗೆ, ಕಮಲ ಎಲ್ಲರೂ ಮಾಡುತ್ತಾರೆ, ನನಗೆ ಅದು ಬೇಡವಾಗಿತ್ತು. ಹಿತ್ತಲಲ್ಲಿ ಅಡಿಕೆ ಮರಕ್ಕೆ ಹಬ್ಬಿದ್ದ ಬಳ್ಳಿಯಿಂದ ಎಲೆ ತಂದು, ಅದರ ನರಗಳು ತೊಟ್ಟಿನಿಂದ ಹೇಗೆ ಹೊರಟು ಹೇಗೆ ಬಾಗುತ್ತವೆ ಎಂದು ನೋಡಿ ನೋಡಿ ಕೆತ್ತಿದೆ. ಎಡಗೈಯಲ್ಲಿ ಕೆತ್ತಿದ ನರದ ಇಳಿಜಾರು ಒಂದು ಕಡೆಗೆ ಬೀಳುತ್ತದೆ, ಬಲಗೈಯದು ಇನ್ನೊಂದು ಕಡೆಗೆ. ನೋಡುವವರಿಗೆ ಇದು ಕಾಣುವುದಿಲ್ಲ. ಕೆಲಸ ಗೊತ್ತಿದ್ದವರು ಬೆರಳಾಡಿಸಿದರೆ ಕೂಡಲೇ ತಿಳಿಯುತ್ತದೆ. ಅಪ್ಪಯ್ಯ ಎದುರಿಗೆ ಕೂತಿರುತ್ತಿದ್ದರು, ತಮ್ಮ ಕೆಲಸ ಮಾಡಿಕೊಂಡು. ಆಗಾಗ ನನ್ನ ಕಡೆ ನೋಡುತ್ತಿದ್ದರು. ತುಟಿ ಸಡಿಲವಾಗಿಯೇ ಇರುತ್ತಿತ್ತು.

"ಮುಗೀತು" ಎಂದು ನಾನು ಹೇಳಿದ ದಿನ ಅಪ್ಪಯ್ಯ ಕೈ ಒರೆಸಿಕೊಂಡು ಪೆಟ್ಟಿಗೆಯನ್ನು ಎತ್ತಿಕೊಂಡರು. ಕಣ್ಣು ಮುಚ್ಚಿ, ಮುಚ್ಚಳದ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಸುತ್ತ ಒಯ್ದರು. ಆಮೇಲೆ ಹೇಳಿದ್ದು ಇಷ್ಟು:

"ಇದನ್ನ ನಾನು ಮಾಡಿಲ್ಲ ಅಂತ ಹೊಟ್ಟೆಕಿಚ್ಚು ಆಗ್ತದೆ ಮಗಾ."

ಅದಕ್ಕಿಂತ ದೊಡ್ಡ ಮಾತನ್ನು ನನಗೆ ಆಮೇಲೆ ಯಾರೂ ಹೇಳಿಲ್ಲ. ಆ ಕ್ಷಣದಲ್ಲಿ ಅವರು ಹೇಳಿದ್ದು ನಿಜ ಎಂದು ಈಗಲೂ ನಂಬುತ್ತೇನೆ.

ಅದಾದ ಕೆಲವೇ ದಿನಕ್ಕೆ ಹೊಸನಗರದ ಅತ್ತೆ ಬಂದರು. ಅವರ ನೆರೆಯಲ್ಲಿ ಒಂದು ಮದುವೆ, ಬಾಸಿಂಗ ಕಟ್ಟಿ ಕೊಡಲು ಅಮ್ಮನಿಗೆ ಹೇಳಿದ್ದರು. ಅದನ್ನು ಮುರಿಯದಂತೆ ಮಡಿಲಲ್ಲಿಟ್ಟುಕೊಂಡು ಒಯ್ಯಲು ಒಬ್ಬರು ಬೇಕು. ಅತ್ತೆಯ ಜೊತೆ ನನ್ನನ್ನು ಕಳಿಸುವುದೆಂದಾಯಿತು. ಎರಡು ದಿನ ಇದ್ದು ಮದುವೆ ಊಟ ಮಾಡಿಕೊಂಡು ಬಾ ಎಂದರು ಅಪ್ಪಯ್ಯ. ಬಸ್ಸಿನವರೆಗೆ ಬಂದು, ಬಾಸಿಂಗದ ಬುಟ್ಟಿ ಅಲುಗದ ಹಾಗೆ ಕಿಟಕಿಯ ಪಕ್ಕದ ಸೀಟು ಹಿಡಿದು ಕೊಟ್ಟರು. ಕಂಡಕ್ಟರಿಗೆ, "ನೋಡ್ಕೊಂಡು ಹೋಗಪ್ಪ, ನಮ್ಮ ಮನೆ ಕೆಲಸಗಾರ ಹೋಗ್ತಿದ್ದಾನೆ," ಎಂದು ನನ್ನನ್ನು ತೋರಿಸಿ ತಮಾಷೆ ಮಾಡಿದರು. ಕಿಟಕಿಯೊಳಗೆ ಕೈ ಹಾಕಿ ಪೆಪ್ಪರಮೆಂಟು ಕೊಟ್ಟರು. ಬಸ್ಸು ಹೊರಟ ಮೇಲೂ ನಿಂತೇ ಇದ್ದರು.

ಹೊಸನಗರದಲ್ಲಿ ಮದುವೆ ಚೆನ್ನಾಗಿ ಆಯಿತು. ಎರಡು ದಿನವೆಂದದ್ದನ್ನು ಅತ್ತೆ ಎಳೆದು ಎಳೆದು ವಾರ ಮಾಡಿದರು. "ಅಲ್ಲಿ ಹೋಗಿ ಎಂತ ಮಾಡ್ತೀಯೇ, ಮರ ಓಡಿ ಹೋಗ್ತದಾ?" ಎನ್ನುತ್ತಿದ್ದರು. ನಾನು ವಾಪಸು ಬಂದಾಗ ಪೆಟ್ಟಿಗೆ ಮನೆಯಲ್ಲಿರಲಿಲ್ಲ. ಕೊಟ್ಟು ಬಂದೆ ಎಂದರು ಅಪ್ಪಯ್ಯ. ನನಗೆ ಸಂತೋಷವೇ ಆಯಿತು.

ಆರಿಸುವ ದಿನ ಬಂದ ಸಾಮಾನುಗಳನ್ನೆಲ್ಲ ಒಂದು ಶಾಲೆಯ ಕೋಣೆಯಲ್ಲಿ ಬೆಂಚುಗಳ ಮೇಲೆ ಜೋಡಿಸಿಟ್ಟಿದ್ದರು. ಅಪ್ಪಯ್ಯ, ಅಣ್ಣ ಮೊದಲೇ ಹೋಗಿದ್ದರು. ನಾನು ಅಮ್ಮನ ಜೊತೆ ಹೋದೆ. ದೂರದಿಂದಲೇ ಪೆಟ್ಟಿಗೆ ಕಂಡಿತು. ಹತ್ತಿರ ಹೋದಾಗ ಅದರ ಮುಂದಿದ್ದ ಚೀಟಿಯಲ್ಲಿ ಅಣ್ಣನ ಹೆಸರಿತ್ತು.

ಚೀಟಿ ಬರೆದವರು ತಪ್ಪಿದ್ದಾರೆ ಎಂದೇ ನನಗೆ ಅನಿಸಿದ್ದು. ಒಂದೇ ಮನೆ, ಒಂದೇ ತಂದೆ, ಯಾರೋ ಅವಸರದಲ್ಲಿ ಹಾಗೆ ಬರೆದಿರಬೇಕು. ಅಪ್ಪಯ್ಯನಿಗೆ ಹೇಳೋಣ ಎಂದು ತಿರುಗುವ ಮೊದಲು ಪೆಟ್ಟಿಗೆಯನ್ನು ಒಮ್ಮೆ ಮುಟ್ಟಬೇಕೆನಿಸಿತು. ಮುಚ್ಚಳದ ಮೇಲೆ ಬೆರಳಿಟ್ಟೆ.

ನರಗಳ ಇಳಿಜಾರು ಬದಲಾಗಿತ್ತು.

ಬೆರಳನ್ನು ಮುಂದಿನ ಎಲೆಗೆ ಸರಿಸಿದೆ. ಅದರಲ್ಲೂ ಹಾಗೆಯೇ. ಪ್ರತಿ ಎಲೆಯ ಪ್ರತಿ ನರವನ್ನೂ ಬಲಗೈಯ ಕಡೆಯಿಂದ ಮತ್ತೆ ಕೆತ್ತಲಾಗಿತ್ತು. ಬಹಳ ನಾಜೂಕಿನ ಕೆಲಸ. ಎಲ್ಲಿಯೂ ಉಳಿ ಜಾರಿರಲಿಲ್ಲ. ಮತ್ತೆ ಕೆತ್ತಿದ್ದರಿಂದ ಎಲೆಗಳು ಒಂದು ಕೂದಲೆಳೆಯಷ್ಟು ತೆಳ್ಳಗಾಗಿದ್ದವು, ಅಷ್ಟೇ. ಅಣ್ಣನಿಗೆ ಆ ಕೈ ಇರಲಿಲ್ಲ. ನಮ್ಮ ಓಣಿಯಲ್ಲಿ ಆ ಕೈ ಇದ್ದವರು ಒಬ್ಬರೇ.

ಕೋಣೆಯ ಆಚೆ ತುದಿಯಲ್ಲಿ ಅಪ್ಪಯ್ಯ ಆರಿಸಲು ಬಂದಿದ್ದ ಮೇಷ್ಟ್ರ ಜೊತೆ ನಿಂತಿದ್ದರು. ನಾನು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಿದರು, ನನ್ನ ಬೆರಳು ಎಲ್ಲಿದೆ ಎಂದು ನೋಡಿದರು. ತುಟಿ ಬಿಗಿಯಿತು. ಆಮೇಲೆ ಮೇಷ್ಟ್ರ ಕಡೆ ತಿರುಗಿ ಏನೋ ಹೇಳಿದರು.

ಮೇಷ್ಟ್ರು ನಮ್ಮ ಬೆಂಚಿನ ಹತ್ತಿರ ಬಂದು ಪೆಟ್ಟಿಗೆ ಎತ್ತಿಕೊಂಡರು. "ಎಷ್ಟು ಸಮ ಇದೆ ನೋಡಿ ಕೈ," ಎಂದು ಅಣ್ಣನ ಬೆನ್ನು ತಟ್ಟಿದರು. ಅಣ್ಣ ಕುತ್ತಿಗೆಯ ಬೆವರು ಒರೆಸಿಕೊಂಡ. ಅಮ್ಮ ನನ್ನ ಮೊಣಕೈ ಹಿಡಿದರು. ನಾನು ಏನಾದರೂ ಹೇಳಿಬಿಡುತ್ತೇನೆಂದು ಹಿಡಿದರೋ, ಬಿದ್ದುಬಿಡುತ್ತೇನೆಂದು ಹಿಡಿದರೋ ಗೊತ್ತಿಲ್ಲ. ನಾನು ಎರಡೂ ಮಾಡಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದೆ. ಅಣ್ಣ ಒಳಗೆ ಬರದೆ ಓಣಿಯಲ್ಲೇ ನಿಂತ.

"ನೀವೇ ಉಳಿ ಹಾಕಿದ್ರಾ ಅಪ್ಪಯ್ಯ?"

"ಹಾಕಿದೆ."

"ನಾನು ಮುಗೀತು ಅಂದಿದ್ದೆ."

ಅವರು ಅಂಗಿಯನ್ನು ಗೂಟಕ್ಕೆ ನೇತು ಹಾಕಿದರು. "ಕೈ ಗೊತ್ತಾಗ್ತಿತ್ತು," ಎಂದರು. "ಅವ್ನು ಎಡಗೈಯವ್ನಲ್ಲ ಅಂತ ಓಣಿಗೆಲ್ಲ ಗೊತ್ತು. ಅಲ್ಲಿ ಯಾರಾದ್ರೂ ಬಾಯಿ ಬಿಟ್ರೆ?"

"ನನ್ನ ಹೆಸರಲ್ಲಿ ಕೊಡೋಣ ಅಂದಿದ್ರಿ."

"ಅಂದಿದ್ದೆ. ಅಂದಾಗ ಹಂಗೇ ಮನಸ್ಸಲ್ಲಿತ್ತು." ನನ್ನ ಕಡೆ ನೋಡದೆ ಹೇಳಿದರು. "ಅವ್ನಿಗೆ ಒಂದು ದಾರಿ ಆಗ್ಬೇಕಲ್ಲ ಮಗಾ. ನಿನ್ನ ಕೈಯಲ್ಲಿ ಕೆಲಸ ಇದೆ. ಅದನ್ನ ಯಾರೂ ಕಿತ್ಕೊಳ್ಳಕ್ಕೆ ಆಗಲ್ಲ."

"ನೀವು ಕಿತ್ಕೊಂಡ್ರಿ."

ಅಮ್ಮ ಒಳಗಿನಿಂದ, "ನಾನು ಕಟ್ಟಿದ ಬಾಸಿಂಗದಲ್ಲಿ ಎಷ್ಟು ಮದುವೆ ಆಗಿದೆ, ಯಾವುದರ ಮೇಲೆ ನನ್ನ ಹೆಸರಿದೆ ಹೇಳು?" ಎಂದರು. ಅದು ನನಗೆ ಸಮಾಧಾನಕ್ಕೆ ಹೇಳಿದ್ದೋ, ತಮಗೇ ಹೇಳಿಕೊಂಡದ್ದೋ. ನನಗೆ ಹೊಸನಗರದ ಬಸ್ಸು, ಕಿಟಕಿಯ ಪಕ್ಕದ ಸೀಟು ನೆನಪಾಯಿತು. ಬಸ್ಸು ಹೊರಟ ಮೇಲೂ ಅಪ್ಪಯ್ಯ ನಿಂತಿದ್ದರಲ್ಲ, ನಾನು ಹೋದದ್ದು ಖಚಿತವಾಗಲಿ ಎಂದು ನಿಂತಿದ್ದರೇ ಎಂಬ ಪ್ರಶ್ನೆ ಹುಟ್ಟಿತು. ಹಾಗೆ ಹುಟ್ಟಿದ ಪ್ರಶ್ನೆ ಮತ್ತೆ ಹೋಗಲಿಲ್ಲ. ಅಂದಿನಿಂದ ಅವರ ಒಂದೊಂದು ಪ್ರೀತಿಯ ನೆನಪನ್ನೂ ನಾನು ಹೀಗೆಯೇ ಬೆರಳಾಡಿಸಿ ನೋಡುತ್ತೇನೆ, ಇದರ ಇಳಿಜಾರು ಯಾವ ಕಡೆಗೆ ಎಂದು.

ಅಣ್ಣನನ್ನು ಆರಿಸಿಕೊಂಡರು. ಹೋಗುವ ಮೊದಲು ಅವನು ಬಾವಿಕಟ್ಟೆಯ ಹತ್ತಿರ ನನಗೆ ಸಿಕ್ಕಿ, "ನಾ ಕೇಳಿರ್ಲಿಲ್ಲ ಮಾರಾಯ್ತಿ, ನಂಗೂ ಆಮೇಲೇ ಹೇಳಿದ್ದು," ಎಂದ. ನಿಜವಿರಬಹುದು. ಮುಂದಿನ ಬೇಸಿಗೆ ಬರುವ ಮೊದಲೇ ಅವನು ಆ ಕೇಂದ್ರವನ್ನು ಬಿಟ್ಟ. ಲಿಂಗನಮಕ್ಕಿಯಲ್ಲಿ ಲಾರಿ ಕ್ಲೀನರಾಗಿ ಸೇರಿದ. ಅಲ್ಲಿಂದ ಡ್ರೈವರಾದ, ಸುಖವಾಗಿದ್ದ. ಅವನು ಬಿಟ್ಟ ಜಾಗಕ್ಕೆ ಬೇರೆ ಊರಿನ ಯಾರನ್ನೋ ತೆಗೆದುಕೊಂಡರು.

ನಾನು ಅಷ್ಟು ದಿನ ಜಗಲಿಗೆ ಹೋಗಿರಲಿಲ್ಲ. ಒಳಗೆ ಕೂತು ಬೆಂಡು ಸುಲಿಯುತ್ತಿದ್ದೆ, ಹಟ ಹಿಡಿದು ಬಲಗೈಯಲ್ಲಿ. ಅಣ್ಣ ಕೇಂದ್ರ ಬಿಟ್ಟ ಸುದ್ದಿ ಬಂದ ವಾರ ಅಪ್ಪಯ್ಯ ಒಳಬಾಗಿಲಿಗೆ ಬಂದು ನಿಂತರು.

"ಬಾ, ಕೂತ್ಕೊ. ಬಾಳ ಕೆಲಸ ಇದೆ."

"ಬರ್ತೀನಿ," ಎಂದೆ. "ಆ ಪೆಟ್ಟಿಗೆ ನಾನು ಮಾಡಿದ್ದು ಅಂತ ಜಗಲಿಯಲ್ಲಿ ನಾಲ್ಕು ಜನರ ಮುಂದೆ ಹೇಳಿ. ಮೇಷ್ಟ್ರಿಗೆ ಹೇಳ್ಬೇಡಿ, ಅಣ್ಣನ್ನ ಬೈಬೇಡಿ. ಓಣಿಯವರಿಗೆ ಹೇಳಿದ್ರೆ ಸಾಕು."

ಅವರು ಬಾಗಿಲ ಚೌಕಟ್ಟಿನ ಮೇಲೆ ಹೆಬ್ಬೆರಳು ಎಳೆದರು. "ಹೇಳ್ತೀನಿ," ಎಂದರು.

ನನಗೆ ಬೇಕಾಗಿದ್ದದ್ದು ಅದೊಂದೇ. ತರಬೇತಿಯೂ ಬೇಡ, ಮೈಸೂರೂ ಬೇಡ. ಆ ಕೈ ನನ್ನದೆಂದು ಆ ಕೈಯನ್ನು ಬೆಳೆಸಿದವರ ಬಾಯಿಂದ ಬರಬೇಕು.

ಮಾರನೆ ಬೆಳಿಗ್ಗೆ ನಾನು ಜಗಲಿಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ಅಪ್ಪಯ್ಯ ಚಾಪೆ ಹಾಸಿ ಎದುರಿಗೆ ಕೂತರು. ಪಕ್ಕದ ಮನೆಯ ಹಿರಿಯರು ಎಲೆ ಅಡಿಕೆ ಹಾಕಿಕೊಳ್ಳಲು ಬಂದರು, ಅವರೊಂದಿಗೆ ಓಣಿಯ ಇನ್ನಿಬ್ಬರು. ಹಿರಿಯರೇ ಮಾತು ಎತ್ತಿದರು.

"ಏನು ಮಾರಾಯ, ನಿನ್ನ ಮಗ ಉಳಿ ಬಿಟ್ಟು ಸ್ಟೇರಿಂಗ್ ಹಿಡೀತಾನಂತೆ? ಅಂಥ ಪೆಟ್ಟಿಗೆ ಮಾಡಿದವ್ನು!"

ಅಪ್ಪಯ್ಯ ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟರು. "ಆ ಪೆಟ್ಟಿಗೆ..." ಎಂದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮಾತು ಬಾಯಿಯ ತನಕ ಬಂದದ್ದು ನನಗೆ ಕಂಡಿತು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ಮೂವರೂ ಅವರ ಕಡೆ ನೋಡುತ್ತಿದ್ದರು. ಹಿರಿಯರು ಸುಣ್ಣ ಹಚ್ಚುವುದನ್ನು ನಿಲ್ಲಿಸಿದ್ದರು. ಮಗ ಮಾಡಿದ್ದಲ್ಲ ಎಂದರೆ, ಆರಿಸಿದ ಮೇಷ್ಟ್ರಿಗೆ ಸುಳ್ಳು ಹೇಳಿದವನು ತಂದೆ ಎಂದಾಗುತ್ತದೆ. ಅಷ್ಟೇ ಅಲ್ಲ, ಆ ಎಲೆಗಳ ಮೇಲೆ ಉಳಿ ಇಟ್ಟವರು ಯಾರು ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ. ಓಣಿಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಒಂದು ನಿಯಮದ ಮೇಲೆ ನಿಂತದ್ದು.

"ಆ ಪೆಟ್ಟಿಗೆ ಚೆನ್ನಾಗಿತ್ತು," ಎಂದರು ಅಪ್ಪಯ್ಯ. "ಕೈ ಇತ್ತು ಅವ್ನಿಗೆ. ಋಣ ಇರ್ಲಿಲ್ಲ."

ಹಿರಿಯರು ಲೊಚಗುಟ್ಟಿ ಎಲೆ ಮಡಿಸಿದರು. ನಾನು ಎದ್ದು ಒಳಗೆ ಹೋದೆ. ಮತ್ತೆ ಆ ಜಗಲಿಯಲ್ಲಿ ಕೂರಲಿಲ್ಲ. ಅಪ್ಪಯ್ಯ ಮತ್ತೆ ಕರೆಯಲೂ ಇಲ್ಲ. ಊಟಕ್ಕೆ ಬಡಿಸುವಾಗ, ನೀರು ಕೊಡುವಾಗ ಎಂದಿನಂತೆ ಮಾತಾಡುತ್ತಿದ್ದೆವು. ಅವರು ನನಗೆ ಬೈಯಲಿಲ್ಲ, ನಾನು ಅವರಿಗೆ ಎದುರು ಆಡಲಿಲ್ಲ. ನೋಡಿದವರು ಆ ಮನೆಯಲ್ಲಿ ಏನೂ ಆಗಿಲ್ಲವೆಂದೇ ಹೇಳುತ್ತಿದ್ದರು.

ನನ್ನನ್ನು ತೀರ್ಥಹಳ್ಳಿಗೆ ಮದುವೆ ಮಾಡಿಕೊಟ್ಟರು. ಗಂಡನದ್ದು ಸೈಕಲ್ ರಿಪೇರಿ ಅಂಗಡಿ. ಕೆತ್ತನೆಯ ಗಂಧಗಾಳಿ ಇಲ್ಲದ ಮನೆ. ನಾನು ಸೌದೆ ಒಟ್ಟುವಾಗ ಶಿವನೆ ಮರದ ಒಂದು ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದದ್ದನ್ನು ಅವರು ಕಂಡು, "ಅದರಲ್ಲೇನಿದೆ?" ಎಂದು ಕೇಳಿದರು. ಹೇಳಿದೆ. ಮನೆಯವರಲ್ಲದ ಒಬ್ಬರ ಮುಂದೆ ಎಲ್ಲವನ್ನೂ ಹೇಳಿದ್ದು ಅದೇ ಮೊದಲು. ಅವರು ಪೂರ್ತಿ ಕೇಳಿ, "ಎಂಥ ಕಬ್ಬಿಣ ಬೇಕು ಹೇಳು," ಎಂದರು. ಸೈಕಲ್ಲಿನ ಹಳೆಯ ಉಕ್ಕನ್ನು ಕಮ್ಮಾರನ ಹತ್ತಿರ ಒಯ್ದು ಉಳಿ ಮಾಡಿಸಿಕೊಂಡು ಬಂದರು. ಅಂಗಡಿಯ ಒಂದು ಬದಿಯಲ್ಲಿ ಕೂತು ನಾನು ಅಕ್ಕಿ ಅಳೆಯುವ ಸೇರಿಗೆ ಬಳ್ಳಿ, ತೊಟ್ಟಿಲಿಗೆ ಹಕ್ಕಿ ಕೆತ್ತಿ ಕೊಡತೊಡಗಿದೆ. ಎಡಗೈಯಲ್ಲೇ. ಜನ ಬಂದು ನೋಡುತ್ತಿದ್ದರು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೇಸಿಗೆಯಲ್ಲಿ ಅಪ್ಪಯ್ಯ ಬಂದರು. ಹೇಳಿ ಕಳಿಸಿರಲಿಲ್ಲ. ಬಸ್ಸು ಇಳಿದು ನೇರ ಅಂಗಡಿಗೆ ಬಂದು, ಎದುರಿನ ಮಣೆಯ ಮೇಲೆ ಕೂತರು. ಬಹಳ ಇಳಿದು ಹೋಗಿದ್ದರು. ನಾನು ಒಂದು ತೊಟ್ಟಿಲಿನ ಪಟ್ಟಿ ಕೆತ್ತುತ್ತಿದ್ದೆ. ಕೈ ತೊಳೆದು ಕಾಫಿ ಮಾಡಲು ಏಳಹೊರಟೆ. "ಇರ್ಲಿ, ಮಾಡು," ಎಂದರು. ನಾನು ಕೆತ್ತುವುದನ್ನು ಮುಂದುವರಿಸಿದೆ. ಅವರು ನೋಡುತ್ತಾ ಕೂತರು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ತುಟಿಯನ್ನು ನೋಡುತ್ತೇನೆ, ನೋಡಿದರೆ ಕೈ ನಿಲ್ಲುತ್ತದೆ ಎಂದು ಗೊತ್ತಿತ್ತು.

ತೊಟ್ಟಿಲು ಮಾಡಿಸುತ್ತಿದ್ದ ಮನೆಯ ಹೆಂಗಸು ಆ ಹೊತ್ತಿಗೆ ಬಂದರು. ಮಾತಿನ ಹೆಂಗಸು. ಪಟ್ಟಿ ಮುಟ್ಟಿ ನೋಡಿ, ಗಲ್ಲಕ್ಕೆ ಕೈ ಹಚ್ಚಿಕೊಂಡು, "ಏನು ಕೈಯೇ ಇದು! ಅದೂ ಎಡಗೈ! ಯಾರು ಕಲ್ಸಿದ್ದು ನಿಂಗೆ?" ಎಂದರು.

ನಾನು ಹೇಳಲು ಬಾಯಿ ತೆರೆದೆ. ಅಷ್ಟೆಲ್ಲ ಆದ ಮೇಲೂ ನನ್ನ ಬಾಯಲ್ಲಿ ಇದ್ದದ್ದು ಅಪ್ಪಯ್ಯ ಎಂಬ ಶಬ್ದವೇ. ಇವರೇ, ಇಲ್ಲಿ ಕೂತಿದ್ದಾರಲ್ಲ, ಇವರೇ ಎಂದು ತೋರಿಸುವವಳಿದ್ದೆ.

ಅವರು ನನಗಿಂತ ಮೊದಲು ಮಾತಾಡಿದರು.

"ಯಾರೂ ಕಲ್ಸಿಲ್ಲಮ್ಮ," ಎಂದರು. "ಅವಳಾಗೇ ಕಲ್ತಿದ್ದು."

ಆ ಹೆಂಗಸು, "ಹೌದಾ! ದೇವರು ಕೊಟ್ಟದ್ದು ಅಂದ್ರೆ ಇದೇ ನೋಡಿ," ಎಂದು, ತೊಟ್ಟಿಲು ಯಾವಾಗ ಆಗುತ್ತದೆಂದು ಕೇಳಿಕೊಂಡು ಹೊರಟರು.

ಅಪ್ಪಯ್ಯನ ಮನಸ್ಸಿನಲ್ಲಿ ಏನಿತ್ತೋ. ನನ್ನ ಪಾಲನ್ನು ಪೂರ್ತಿಯಾಗಿ ನನಗೇ ಬಿಟ್ಟುಕೊಟ್ಟೆ ಎಂದುಕೊಂಡಿರಬಹುದು. ಕಲಿಸಿದವನು ನಾನು ಎಂದು ಹೇಳಿಕೊಳ್ಳುವ ಯೋಗ್ಯತೆ ತನಗಿಲ್ಲ ಎಂದುಕೊಂಡಿರಬಹುದು. ಅವರ ಮೇಲಿನ ಪ್ರೀತಿಯಿಂದ ಈ ಎರಡನ್ನೂ ನಾನು ನನಗೇ ಅನೇಕ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಗಳಿಗೆಯಲ್ಲಿ ನನಗೆ ಕೇಳಿಸಿದ್ದು ಹಾಗಲ್ಲ. ಆ ಜಗಲಿ, ತಿರುಗಿಸಿ ಹಾಕಿದ ಚಾಪೆ, ಎದುರು ಕೂತು ತಮ್ಮ ಕೈಯನ್ನು ನನಗಾಗಿ ನಿಧಾನ ಮಾಡಿದ ಅಷ್ಟು ವರ್ಷಗಳು ಇದ್ದೇ ಇರಲಿಲ್ಲ ಎಂದು ಅವರು ಪರಿಚಯವಿಲ್ಲದ ಹೆಂಗಸಿನ ಮುಂದೆ ಹೇಳಿದರು. ಮೊದಲು ನಾನು ಮಾಡಿದ್ದನ್ನು ನನ್ನದಲ್ಲ ಎಂದಿದ್ದರು. ಈಗ ಅವರು ಮಾಡಿದ್ದನ್ನು ತಮ್ಮದಲ್ಲ ಎಂದರು. ಎರಡೂ ಸಲ ನಾನು ಎದುರಿಗೇ ಇದ್ದೆ.

"ಕಾಫಿ ಮಾಡ್ತೀನಿ ಅಪ್ಪಯ್ಯ," ಎಂದೆ.

"ಸಕ್ರೆ ಕಮ್ಮಿ ಹಾಕು," ಎಂದರು. ನಾನು ಒಳಗೆ ಹೋಗಿ ಒಲೆ ಊದಿದೆ. ಹೊರಗೆ ನನ್ನ ಗಂಡ ಬಂದದ್ದು ಕೇಳಿಸಿತು, ಸಾಗರದ ಕಡೆ ಮಳೆಯ ಸುದ್ದಿ ಏನೆಂದು ಅವರು ವಿಚಾರಿಸುತ್ತಿದ್ದರು. ಅಪ್ಪಯ್ಯ ಸಾವಧಾನವಾಗಿ ಉತ್ತರ ಹೇಳುತ್ತಿದ್ದರು.